ಮಣ್ಣಿನ ಒಳಲೆ

ಭಾನುವಾರ ಮಧ್ಯಾಹ್ನ, ಎಲ್ಲರ ತಟ್ಟೆಗೂ ಎರಡನೇ ಸಲ ಅನ್ನ ಬಿದ್ದ ಮೇಲೆ ಅತ್ತೆ ವಿಷಯ ತೆಗೆದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುತ್ತಲೇ ತಲೆ ನರೆತು ನಿವೃತ್ತರಾದವರು ಅವರು. ಗದ್ದಲ ಅಡಗುವವರೆಗೆ ಮುಖ್ಯವಾದ ಮಾತು ಎತ್ತಬಾರದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ನನಗೆ ಯೂನಿವರ್ಸಿಟೀಲಿ ಸೀಟು ಸಿಕ್ಕಿದೆ. ಪಿಎಚ್‌ಡಿ ಮಾಡೋಕೆ.”

ಮಾವ ಬಾಯಿಗಿಟ್ಟ ಸೌತೆಕಾಯಿ ಹೋಳನ್ನು ಕಚ್ಚುವುದನ್ನೇ ಮರೆತರು. ಗಂಡ ಖಾಲಿ ಲೋಟ ಎತ್ತಿ ನೀರು ಕುಡಿದಂತೆ ಮಾಡಿದ. ಸೊಸೆಯ ತೊಡೆಯ ಮೇಲಿದ್ದ ಪಾಪು ಮಾತ್ರ ಇದೇ ಸಮಯವೆಂದು ತಟ್ಟೆಗೆ ಕೈ ಹಾಕಿ ಒಂದು ಹಿಡಿ ಅನ್ನವನ್ನು ನೆಲಕ್ಕೆ ಎಸೆಯಿತು.

“ಯಾವಾಗಿಂದ ಅತ್ತೆ?” ಎಂದಳು ಸೊಸೆ.

“ಮುಂದಿನ ತಿಂಗಳು ಒಂದನೇ ತಾರೀಕಿಂದ.”

ಸೊಸೆಯ ಹೆರಿಗೆ ರಜೆ ಮುಗಿಯುವುದೂ ಅದೇ ಒಂದನೇ ತಾರೀಕಿಗೆ. ಅವಳದು ಹಲ್ಲು ಮಾಡುವ ಕೆಲಸ. ಪೇಟೆಯ ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಲ್ಯಾಬಿನಲ್ಲಿ ಕೂತು, ಯಾರದೋ ಬಾಯಿಗೆ ಹೊಂದುವ ಸೆಟ್ಟು, ಇನ್ಯಾರದೋ ದವಡೆಗೆ ಕೂರುವ ಕ್ಯಾಪು ತಯಾರಿಸುತ್ತಿದ್ದಳು. ಲ್ಯಾಬಿನ ಒಡತಿ ಆಗಲೇ ಎರಡು ಸಲ ಫೋನು ಮಾಡಿ, ಬರುತ್ತೀಯೋ ಬೇರೆಯವರನ್ನು ನೋಡಿಕೊಳ್ಳಲೋ ಎಂದು ಕೇಳಿದ್ದಳು. ಬಂದೇ ಬರುತ್ತೇನೆ ಎಂದು ಇವಳು ಗಟ್ಟಿಯಾಗಿ ಹೇಳಿದ್ದಳು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಆ ಮನೆಯಲ್ಲಿ ಒಮ್ಮೆಯೂ ಎದ್ದಿರಲಿಲ್ಲ. ಅತ್ತೆ ಇದ್ದಾರಲ್ಲ ಎಂದು ಇವಳೂ, ಅಮ್ಮ ಇದ್ದಾಳಲ್ಲ ಎಂದು ಗಂಡನೂ ಬಸುರಿನ ದಿನಗಳಿಂದಲೇ ನಿಶ್ಚಿಂತರಾಗಿದ್ದರು.

“ಹಾಗಾದ್ರೆ ಪಾಪು ಗತಿ ಏನಮ್ಮ?” ಎಂದ ಗಂಡ.

“ಅದನ್ನ ನನ್ನ ಕೇಳ್ತೀಯಲ್ಲೋ, ಅಪ್ಪ ಅನ್ನಿಸ್ಕೊಂಡೋನು ನೀನು. ಹಿಂದೆ ಒಂದ್ಸಲ ಇದೇ ಸೀಟು ಸಿಕ್ಕಿತ್ತು. ಆಗ ನೀನು ಹೊಟ್ಟೇಲಿದ್ದೆ. ಆಮೇಲೆ ನೋಡ್ಕೊಂಡ್ರಾಯ್ತು ಅಂದೆ. ಆ ಆಮೇಲೆ ಈಗ ಬಂದಿದೆ.”

ಅವರು ಎದ್ದು ಕೈ ತೊಳೆದು ಒಳಗಿನಿಂದ ಒಂದು ಫೋಟೊ ತಂದು ಮೇಜಿನ ಮೇಲಿಟ್ಟರು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಮಣ್ಣಿನ ಬಟ್ಟಲು. ಒಂದು ಪಕ್ಕಕ್ಕೆ ಹಕ್ಕಿಯ ಕೊಕ್ಕಿನಂಥ ಮೂತಿ.

“ನಮ್ಮಜ್ಜಿ ಇದಕ್ಕೆ ಒಳಲೆ ಅಂತಿದ್ರು. ಕೂಸಿಗೆ ಹಾಲು ಹಾಕೋದು. ಇದು ಎರಡೂವರೆ ಸಾವಿರ ವರ್ಷದ ಹಿಂದಿಂದು. ಹಾಳೂರಿನ ದಿಬ್ಬ ಅಗೆದಾಗ ಹಳೇ ಮನೆಗಳ ಒಲೆ ಪಕ್ಕದಲ್ಲಿ ಇಂಥವು ಸಿಕ್ಕಿವೆ. ದೀಪಕ್ಕೆ ಎಣ್ಣೆ ಹೊಯ್ಯೋ ಪಾತ್ರೆ ಅಂತ ದೊಡ್ಡವರೆಲ್ಲ ಬರೆದಿಟ್ಟಿದ್ದಾರೆ. ನನಗೆ ಹಾಗನ್ಸಲ್ಲ. ಆಗಿನ ಹೆಂಗಸರು ಹೊಲಕ್ಕೆ ಹೋದಾಗ ಮಕ್ಕಳಿಗೆ ಹಾಲು ಯಾರು ಕುಡಿಸ್ತಿದ್ರು, ಹೇಗೆ ಕುಡಿಸ್ತಿದ್ರು? ಅದೇ ನನ್ನ ವಿಷಯ.”

ಸೊಸೆ ನೆಲದ ಮೇಲಿನ ಅನ್ನ ಬಳಿಯಲು ಬಗ್ಗಿದ್ದವಳು ಅಲ್ಲಿಂದಲೇ ಹೇಳಿದಳು: “ಎರಡೂವರೆ ಸಾವಿರ ವರ್ಷದ ಹಿಂದಿನ ಮಕ್ಕಳಿಗೆ ಯಾರು ಹಾಲು ಕುಡಿಸಿದ್ರು ಅಂತ ನಿಧಾನಕ್ಕೆ ಹುಡುಕಿ ಅತ್ತೆ. ಈ ಮನೇಲಿರೋ ಮಗುಗೆ ಯಾರು ಕುಡಿಸ್ತಾರೆ ಅಂತ ಮೊದಲು ಹೇಳಿ.”

ಅತ್ತ ದರಿ ಇತ್ತ ಪುಲಿ ಎಂದು ಕೂತಿದ್ದ ಗಂಡನಿಗೆ ಪುಣ್ಯಕ್ಕೆ ಫೋನು ಬಂತು. ಅವನು ಲಿಫ್ಟ್ ರಿಪೇರಿ ಮಾಡುವವನು. ಅವನಿದ್ದ ಮೂರು ಮಹಡಿಯ ಕಟ್ಟಡಕ್ಕೆ ಲಿಫ್ಟೇ ಇಲ್ಲ ಎಂಬುದು ಅಕ್ಕಪಕ್ಕದವರ ಹಳೆಯ ನಗೆಚಾಟಿಕೆ. ಯಾವುದೋ ಕಚೇರಿಯಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದಾರಂತೆ ಎಂದು ಕೈ ಕೂಡ ಒರೆಸಿಕೊಳ್ಳದೆ ಮೆಟ್ಟಿಲಿಳಿದು ಓಡಿದ.

ಆ ವಾರವೆಲ್ಲ ಅಡುಗೆಮನೆಯಲ್ಲಿ ಮಾತು ಕಮ್ಮಿ, ಪಾತ್ರೆಯ ಸದ್ದು ಜಾಸ್ತಿ. ಅತ್ತೆ ಸೊಪ್ಪು ಬಿಡಿಸಿಟ್ಟರೆ ಸೊಸೆ ಹೆಚ್ಚಿದಳು. ಸೊಸೆ ಒಲೆ ಹಚ್ಚಿದರೆ ಅತ್ತೆ ಉಪ್ಪು ಹಾಕಿದರು. ಒಂದು ದಿನ ಇಬ್ಬರೂ ಉಪ್ಪು ಹಾಕಿ ಪಲ್ಯ ಬಾಯಿಗಿಡಲಾಗದೆ ಹೋಯಿತು. ಅವತ್ತು ಎಲ್ಲರೂ ಬ್ರೆಡ್ಡು ತಿಂದು ಎದ್ದರು.

ಮಗು ನೋಡಿಕೊಳ್ಳಲು ಹೆಂಗಸರನ್ನು ಹುಡುಕುವ ಕೆಲಸ ಶುರುವಾಯಿತು. ಬಂದವರಲ್ಲಿ ಒಬ್ಬಳು ಮಗುವಿನ ಮುಖಕ್ಕಿಂತ ಮೊದಲು ಟಿವಿಯ ಅಗಲ ನೋಡಿದಳು. ಇನ್ನೊಬ್ಬಳು ಮಾತಾಡುತ್ತಲೇ ಸೋಫಾಕ್ಕೆ ಒರಗಿ ತೂಕಡಿಸಿದಳು. ಮೂರನೆಯವಳು ಒಳ್ಳೆಯವಳೆಂದು ಕಂಡಿತು, ಆದರೆ ಆಗಲೇ ಬೇರೆ ಮನೆಗೆ ಒಪ್ಪಿಕೊಂಡಿದ್ದಳು. ಅವಳನ್ನೇ ಫೋನಿನಲ್ಲಿ ಸೊಸೆ ಇನ್ನಿಲ್ಲದಂತೆ ಬೇಡಿಕೊಳ್ಳುತ್ತಿದ್ದಾಗ ಮಾವ ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು.

“ಮನೇಲಿ ನಾನೊಬ್ಬ ಇದ್ದೀನಿ ಅಂತ ಯಾರ ಕಣ್ಣಿಗೂ ಬೀಳ್ಲೇ ಇಲ್ವಾ?”

ಸೊಸೆ ಫೋನು ಕಿವಿಯಿಂದ ತೆಗೆದಳು. ನಿಜವಾಗಿಯೂ ಅವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬದುಕಿಡೀ ಬಸ್ಸು ಓಡಿಸಿ ನಿವೃತ್ತರಾದ ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಂದೇ ಪತ್ರಿಕೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದುತ್ತ, ಕಂಬದ ಹಾಗೆ ಕಣ್ಣಿಗೆ ಅಭ್ಯಾಸವಾಗಿಹೋಗಿದ್ದರು.

“ನಿಮ್ ಕೈಲಾಗುತ್ತಾ ಮಾವ?”

“ಐವತ್ತು ಜನರನ್ನ ಕೂರಿಸ್ಕೊಂಡು ಬೆಟ್ಟದ ದಾರಿ ಇಳಿಸಿದೋನಮ್ಮ ನಾನು. ಇದು ಒಂದೇ ಸೀಟಿನ ಗಾಡಿ.”

ಅಡುಗೆಮನೆಯಿಂದ ಅತ್ತೆಯ ನಗು ಕೇಳಿತು. “ಮಗ ಹುಟ್ಟಿದಾಗ ಮೂರು ತಿಂಗಳು ಮುಟ್ಟಿರ್ಲಿಲ್ಲ, ಕೈ ಜಾರುತ್ತೆ ಅಂತ.”

“ಆಗ ಡ್ಯೂಟಿ ಇತ್ತು ಕಣೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನನ್ನ ಅದೃಷ್ಟಕ್ಕೆ ಹಲ್ಲನ್ನೂ ಸೊಸೇನೇ ಮಾಡ್ಕೊಟ್ಟಿದ್ದಾಳೆ, ಕಡಲೆನೂ ಅವಳೇ ಹೆತ್ಕೊಟ್ಟಿದ್ದಾಳೆ,” ಎಂದು ಮಾವ ಅವಳೇ ತಯಾರಿಸಿದ ಹಲ್ಲಿನ ಸೆಟ್ಟನ್ನು ಪೂರ್ತಿ ತೋರಿಸಿ ನಕ್ಕರು.

ಮೊದಲ ದಿನ ಅವರು ಡೈಪರನ್ನು ಹಿಂದುಮುಂದು ಕಟ್ಟಿದರು. ಮರುದಿನ ಗಂಜಿ ತಳ ಹತ್ತಿಸಿದರು. ಆದರೆ ಗಾಡಿ ಕಲಿತ ಮನುಷ್ಯ. ತಪ್ಪಿದ್ದನ್ನು ಇನ್ನೊಮ್ಮೆ ತಪ್ಪುತ್ತಿರಲಿಲ್ಲ. ಬಾಟಲಿಯ ರಬ್ಬರನ್ನು ಪಾಪು ಒಲ್ಲೆ ಎಂದು ಉಗುಳಿದ್ದರಿಂದ, ಚಮಚದಲ್ಲಿ ಹಾಲು ಕುಡಿಸುವುದನ್ನು ತಾಳ್ಮೆಯಿಂದ ಅಭ್ಯಾಸ ಮಾಡಿದರು. ಅರ್ಧ ಹಾಲು ಅವರ ಅಂಗಿಗೆ, ಅರ್ಧ ಮೊಮ್ಮಗಳ ಹೊಟ್ಟೆಗೆ.

ಒಂದನೇ ತಾರೀಕು ಅತ್ತೆ ಸೊಸೆ ಇಬ್ಬರೂ ಒಂದೇ ಬಗೆಯ ಊಟದ ಡಬ್ಬಿ ಹಿಡಿದು, ಒಂದೇ ಬಸ್ ಸ್ಟಾಪಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಅತ್ತೆಯ ಬಸ್ಸು ಮೊದಲು ಬಂತು. ಹತ್ತುವಾಗ ಅವರ ಚಪ್ಪಲಿ ಮೆಟ್ಟಿಲಿಗೆ ಸಿಕ್ಕಿ ಮುಗ್ಗರಿಸಿದರು. ಸೊಸೆ ತಟ್ಟನೆ ಮೊಣಕೈ ಹಿಡಿದಳು. “ನಿಧಾನ ಅತ್ತೆ,” ಎಂದಳು. ಮೂರು ವಾರದಲ್ಲಿ ಅದೇ ಮೊದಲ ಮಾತು.

ಆಮೇಲೆ ದಿನಗಳು ಒಂದು ಹದಕ್ಕೆ ಬಂದವು. ಊಟದ ಹೊತ್ತಿಗೆ ಅತ್ತೆ ವಿಭಾಗದ ಉಗ್ರಾಣದ ಸುದ್ದಿ ತರುತ್ತಿದ್ದರು. ಅಲ್ಲಿ ಮಡಕೆ ಚೂರುಗಳ ಡಬ್ಬಗಳು ಸೂರಿನವರೆಗೆ ಪೇರಿಸಿವೆಯಂತೆ. ಗೈಡು ಎಂಬವನು ತಮ್ಮ ಮಗನ ವಯಸ್ಸಿನ ಗಡ್ಡದ ಹುಡುಗನಂತೆ.

“ನಾನು ಅವನಿಗೆ ಸರ್ ಅಂತೀನಿ, ಅವನು ನನಗೆ ಮೇಡಂ ಅಂತಾನೆ. ಇಬ್ರಿಗೂ ನಾಚಿಕೆ,” ಎಂದು ನಗುತ್ತಿದ್ದರು. ಸೊಸೆಯೂ ನಗುತ್ತಿದ್ದಳು. ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಅವಳು ಪ್ಲಾಸ್ಟರಿನ ಚೀಲಗಳಿಟ್ಟ ಕೋಣೆಗೆ ಹೋಗಿ, ಬಾಗಿಲ ಚಿಲಕ ಹಾಕಿ, ಪಂಪಿನಿಂದ ಹಾಲು ತೆಗೆದು ಮರುದಿನಕ್ಕೆ ಮನೆಗೆ ತರುತ್ತಿದ್ದಳು. ಎದೆ ನೋಯುತ್ತಿತ್ತು, ಕೈ ಸೋಲುತ್ತಿತ್ತು. ಆದರೆ ಸಂಜೆ ಮೆಟ್ಟಿಲು ಹತ್ತುವಾಗ ಮೇಲಿನಿಂದ ಮಾವ ಬಾಯಲ್ಲೇ ಬಾರಿಸುವ ಸುಳ್ಳುಸುಳ್ಳು ಹಾರ್ನಿನ ಸದ್ದು, ಅದಕ್ಕೆ ಪಾಪುವಿನ ಕೇಕೆ ಕೇಳಿದರೆ ಎಲ್ಲ ಮರೆತುಹೋಗುತ್ತಿತ್ತು.

ಅತ್ತೆಗೆ ಸಮಿತಿಯ ಮುಂದೆ ಹೋಗುವ ದಿನ ಹತ್ತಿರವಾಗುತ್ತಿತ್ತು. ಹೊಸಬರ ವಿಷಯ ಗಟ್ಟಿಯೋ ಜೊಳ್ಳೋ ಎಂದು ತೂಗಿ ನೋಡುವವರು ಆ ಸಮಿತಿಯವರು. “ನನಗೆ ಹಾಗನ್ಸುತ್ತೆ ಅನ್ನೋದು ಸಾಕ್ಷಿ ಆಗಲ್ಲ ಮೇಡಂ. ಇದರಲ್ಲಿ ಮಗು ಕುಡಿಯೋಕೆ ಆಗುತ್ತೆ ಅಂತ ತೋರಿಸ್ಬೇಕು, ಇಲ್ದಿದ್ರೆ ವಿಷಯ ಬದಲಾಯಿಸಿ ಅಂತಾರೆ,” ಎಂದಿದ್ದನಂತೆ ಗೈಡು. ಅತ್ತೆ ಕುಂಬಾರನೊಬ್ಬನ ಹತ್ತಿರ ಅದೇ ಅಳತೆಯ ಒಂದು ಒಳಲೆ ಮಾಡಿಸಿ ತಂದರು. ಅದು ಕೆಲವು ದಿನ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಕೂತಿತ್ತು. ಸೊಸೆ ಅದನ್ನು ನೋಡಿದ್ದಳು, ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಒಂದು ದಿನ ಲ್ಯಾಬಿನಲ್ಲಿ ಹಲ್ಲು ಸುಡುವ ಕುಲುಮೆ ಕೆಟ್ಟು ಒಡತಿ ಎಲ್ಲರನ್ನೂ ಬೇಗ ಮನೆಗೆ ಕಳಿಸಿದಳು. ಸೊಸೆ ಮೂರನೇ ಮಹಡಿ ಹತ್ತಿದಾಗ ಬಾಗಿಲು ಅರೆ ತೆರೆದಿತ್ತು. ಮಾವ ಪಾಪುವನ್ನು ತೊಡೆಯ ಮೇಲೆ ಒರಗಿಸಿಕೊಂಡು ಕೂತಿದ್ದರು. ಅತ್ತೆ ಮಂಡಿಯೂರಿ ಆ ಮಣ್ಣಿನ ಮೂತಿಯನ್ನು ಅದರ ತುಟಿಗೆ ಹಿಡಿದಿದ್ದರು. ಎದುರಿಗೆ ಲೋಟಕ್ಕೆ ಒರಗಿಸಿಟ್ಟ ಮೊಬೈಲು ಎಲ್ಲವನ್ನೂ ವಿಡಿಯೊ ಮಾಡುತ್ತಿತ್ತು. ಪಾಪು ಗಟಗಟ ಕುಡಿಯುತ್ತಿತ್ತು. ಪಕ್ಕದಲ್ಲಿದ್ದ ಸೀಸೆ ನಿನ್ನೆ ಅವಳು ಪ್ಲಾಸ್ಟರ್ ಚೀಲಗಳ ನಡುವೆ ಕೂತು ತುಂಬಿಸಿ ತಂದದ್ದು.

“ಏನ್ ಮಾಡ್ತಿದ್ದೀರಿ?”

ಅತ್ತೆ ತಟ್ಟನೆ ತಿರುಗಿದಾಗ ಹಾಲು ಪಾಪುವಿನ ಕೊರಳಿಗೆ ಚೆಲ್ಲಿತು. ಸೊಸೆ ಚೀಲ ಅಲ್ಲೇ ಬಿಟ್ಟು ಮಗುವನ್ನು ಕಿತ್ತುಕೊಂಡಳು.

“ಕುದಿಯೋ ನೀರಲ್ಲಿ ತೊಳೆದಿದ್ದೀನಿ ಕಣೆ, ಏನೂ ಆಗಲ್ಲ,” ಎಂದರು ಅತ್ತೆ.

“ಯಾವ ಮಣ್ಣು ಇದು? ಯಾವ ಬೂದಿ, ಯಾವ ಬಣ್ಣ ಹಾಕಿ ಸುಟ್ಟಿದ್ದಾರೆ, ಗೊತ್ತಾ ನಿಮಗೆ? ಎಷ್ಟನೇ ಸಲ ಇದು?”

ಅತ್ತೆ ಒಳಲೆಯನ್ನು ನೆಲಕ್ಕಿಟ್ಟರು. ಮಾವ ತಲೆ ಎತ್ತದೆ “ಮೂರನೇದು,” ಎಂದರು.

“ನನಗೆ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಬೇಡ ಅಂತೀನಿ ಅಂತ ತಾನೆ?”

“ಹೌದು,” ಎಂದರು ಅತ್ತೆ.

ಸುಳ್ಳು ಹೇಳಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ನೆಟ್ಟನೆಯ ಹೌದು ಅವಳನ್ನು ಇನ್ನಷ್ಟು ಉರಿಸಿತು. “ಮಗು ನಂದು. ಹಾಲು ನಂದು. ಒಂದು ಮಾತು ಕೇಳೋಷ್ಟೂ ಬೆಲೆ ಇಲ್ವಲ್ಲ ನನಗೆ ಈ ಮನೇಲಿ!” ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಪಾಪುವಿಗೆ ಭೇದಿ ಹತ್ತಿತು. ಡಾಕ್ಟರು ಒಸಡು ಒತ್ತಿ ನೋಡಿ, ಹಲ್ಲು ಬರುತ್ತಿದೆ, ಗಾಬರಿ ಬೇಡ ಎಂದರು. ಮನೆಗೆ ಬರುವಾಗ ಗಂಡ ಮೆಲ್ಲನೆ, “ಹಲ್ಲು ಬರ್ತಿರೋದಕ್ಕೆ ಹೀಗಾಗಿದೆ ಅಂತ ಡಾಕ್ಟ್ರೇ ಹೇಳಿದ್ರಲ್ಲೇ,” ಎಂದ.

“ಹಲ್ಲಿನ ವಿಷಯ ನನಗೆ ಹೇಳಬೇಡಿ. ನನ್ನ ಸಿಟ್ಟು ಭೇದಿ ಮೇಲಲ್ಲ.”

ಸೋಮವಾರದಿಂದ ಪಾಪು ಲ್ಯಾಬಿನ ಹಿಂದಿನ ಬೀದಿಯ ಶಿಶುವಿಹಾರಕ್ಕೆ ಹೋಗತೊಡಗಿತು.

ಮನೆ ಸದ್ದಿಲ್ಲದಾಯಿತು. ಅತ್ತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅಡುಗೆ ಮುಗಿಸಿ ಹೊರಟುಬಿಡುತ್ತಿದ್ದರು. ಮಾವ ಪತ್ರಿಕೆ ಹಿಡಿಯುತ್ತಿದ್ದರು, ಹಾಳೆ ತಿರುವುತ್ತಿರಲಿಲ್ಲ. ಊಟಕ್ಕೆ ಕೂತರೆ ಅನ್ನವನ್ನು ಮೆತ್ತಗೆ ಕಲಸಿ ನುಂಗಿ ಎದ್ದುಬಿಡುತ್ತಿದ್ದರು. ಹಲ್ಲಿನ ಸೆಟ್ಟು ದಿನವಿಡೀ ಲೋಟದ ನೀರಿನಲ್ಲೇ ಇರುತ್ತಿತ್ತು.

“ಚುಚ್ಚುತ್ತಾ ಮಾವ? ತನ್ನಿ, ಸರಿ ಮಾಡ್ಕೊಡ್ತೀನಿ.”

“ಇಲ್ಲಮ್ಮ. ಚೆನ್ನಾಗೇ ಇದೆ. ಹಾಕ್ಕೊಂಡು ಏನ್ ಮಾಡ್ಲಿ.”

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಶಿಶುವಿಹಾರದ ಆಯಾ ಮಗುವನ್ನು ಕೈಗೆ ಕೊಡುತ್ತ ಹೇಳಿದಳು: “ಅಕ್ಕಾ, ಒಂದು ಮಾತು. ದಿನಾ ಮಧ್ಯಾಹ್ನ ಒಬ್ಬರು ವಯಸ್ಸಾದೋರು ಬಂದು ಗೇಟಿನ ಹತ್ರ ನಿಂತಿರ್ತಾರೆ. ಮಕ್ಕಳನ್ನ ಅಂಗಳಕ್ಕೆ ಬಿಟ್ಟಾಗ ಇತ್ಲಾಗೇ ನೋಡ್ತಿರ್ತಾರೆ. ಯಾರಪ್ಪ ಅಂತ ಕೇಳಿದ್ರೆ ಬಸ್ಸಿಗೆ ಕಾಯ್ತಿದ್ದೀನಿ ಅಂದ್ರು. ಈ ರಸ್ತೇಲಿ ಯಾವ ಬಸ್ಸೂ ಬರಲ್ಲ.”

ಮರುದಿನ ಊಟದ ಬಿಡುವಿನಲ್ಲಿ ಸೊಸೆ ಪಂಪು ಮುಟ್ಟದೆ ಹಿಂದಿನ ಬೀದಿಗೆ ಹೋದಳು. ಮಾವ ಅಲ್ಲೇ ಇದ್ದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಮಡಿಸಿದ ಪತ್ರಿಕೆ. ಗೇಟಿನ ಸರಳುಗಳಾಚೆ ಪಾಪು ಚಾಪೆಯ ಮೇಲೆ ಕೂತು ಒಂದು ಚೆಂಡಿನ ಜೊತೆ ಜಗಳವಾಡುತ್ತಿತ್ತು.

“ಮಾವ, ಈ ರಸ್ತೇಲಿ ಬಸ್ಸು ಬರಲ್ಲ.”

ಅವರು ಬೆಚ್ಚಿ ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಶಾಲೆಯ ಮಗುವಿನ ಹಾಗೆ ಮುಖ ಕೆಂಪಾಯಿತು. “ಗೊತ್ತು. ಈ ಕಡೆಗೊಂದು ಬಸ್ ಬಿಡಿ ಅಂತ ಜನ ಎಷ್ಟೋ ವರ್ಷ ಅರ್ಜಿ ಹಾಕಿದ್ರು. ತಿರುಗಿಸೋಕೆ ಜಾಗ ಇಲ್ಲ ಅಂತ ನಾವೇ ಒಪ್ಪಿರ್ಲಿಲ್ಲ,” ಎಂದರು.

“ಒಳಗೆ ಹೋಗಿ ಎತ್ಕೋಬೋದಿತ್ತಲ್ಲ. ತಾತ ಅಂದ್ರೆ ಬಿಡ್ತಿದ್ರು.”

“ನಿನ್ನ ಕೇಳದೆಯಾ? ಒಂದ್ಸಲ ಕೇಳದೆ ಮಾಡಿದ್ದೇ ಸಾಕಾಗಿದೆ ಮಗಳೇ.”

ಅವಳು ಗೇಟಿನ ಕಂಬಕ್ಕೆ ಒರಗಿ ನಿಂತಳು. ಮಾವ ಪತ್ರಿಕೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು.

“ನಿಮ್ಮತ್ತೆ ಆ ವಿಡಿಯೊಗಳನ್ನೆಲ್ಲ ಅಳಿಸಿಬಿಟ್ಲು. ಆ ಗಡ್ಡದ ಹುಡುಗ ಮೊದಲನೇದು ನೋಡಿ ಕುಣಿದಾಡಿಬಿಟ್ಟಿದ್ದನಂತೆ, ಸಮಿತಿ ಮುಂದೆ ಇದೊಂದೇ ಸಾಕು ಅಂತ. ಇವಳು ಹೋಗಿ, ತಾಯಿ ಒಪ್ಪಿಗೆ ಇಲ್ದೆ ಮಾಡಿದ್ದು, ಇದು ಲೆಕ್ಕಕ್ಕಿಲ್ಲ, ನಿಮ್ಮ ಹತ್ರ ಇರೋದನ್ನೂ ಅಳಿಸಿ ಅಂದ್ಲಂತೆ. ಮುಂದಿನ ವಾರ ಬರಿಗೈಲಿ ಹೋಗಬೇಕು.”

“ಅತ್ತೆ ಇದನ್ನ ನನಗೆ ಯಾಕೆ ಹೇಳ್ಲಿಲ್ಲ ಮಾವ?”

“ಹೇಳಿದ್ರೆ ನಿನ್ನ ಸಿಟ್ಟು ಇಳಿಸೋಕೆ ಮಾಡಿದ ಹಾಗಾಗುತ್ತಂತೆ. ಮೇಷ್ಟ್ರು ಬುದ್ಧಿ, ನಿನಗೆ ಗೊತ್ತಲ್ಲ.”

ಸೊಸೆ ಗೇಟು ತೆಗೆಸಿ, ಮಗುವನ್ನು ಎತ್ತಿ ಮಾವನ ತೋಳಿಗೆ ಕೊಟ್ಟಳು. ಪಾಪು ಎರಡೂ ಕೈಯಿಂದ ಅವರ ಬೊಚ್ಚುಬಾಯಿ ಹಿಡಿದು ಎಳೆಯಿತು.

“ಮನೆಗೆ ಕರ್ಕೊಂಡ್ ಹೋಗಿ,” ಎಂದಳು. “ಹಲ್ಲು ಹಾಕ್ಕೊಳ್ಳಿ.”

ಅವತ್ತು ಸಂಜೆ ಅತ್ತೆ ಮನೆಗೆ ಬಂದಾಗ ಬಾಗಿಲಲ್ಲೇ ಹಾರ್ನು ಕೇಳಿ ನಿಂತರು. ಏನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಬಂದರು. ಸೊಸೆ ಬಟಾಣಿ ಸುಲಿಯುತ್ತಿದ್ದಳು. ಅವರೂ ಎದುರಿಗೆ ಕೂತು ಒಂದು ಹಿಡಿ ಎತ್ತಿಕೊಂಡರು. ಬಟ್ಟಲು ಅರ್ಧ ತುಂಬಿತು.

“ನಿನ್ನ ಕೇಳ್ಬೇಕಿತ್ತು,” ಎಂದರು ಅತ್ತೆ.

“ಕೇಳ್ಬೇಕಿತ್ತು.”

“ತಪ್ಪಾಯ್ತು.”

ಅತ್ತೆಯ ಬಾಯಿಂದ ಆ ಮಾತನ್ನು ಅವಳು ಕೇಳಿದ್ದೇ ಇಲ್ಲ. ಒಂದು ಸಿಪ್ಪೆಯನ್ನು ಬಟ್ಟಲಿಗೆ ಹಾಕಿ ಬಟಾಣಿಯನ್ನು ಕಸಕ್ಕೆ ಹಾಕಿದಳು. “ನಾವೂ ನಿಮ್ಮನ್ನ ಕೇಳಿರ್ಲಿಲ್ಲ ಅತ್ತೆ,” ಎಂದಳು ಕೊನೆಗೆ. “ಪಾಪುನ ನೋಡ್ಕೋತೀರಾ ಅಂತ ನಾನಾಗ್ಲಿ ಇವರಾಗ್ಲಿ ಒಂದು ದಿನ ಬಾಯಿಬಿಟ್ಟು ಕೇಳ್ಲಿಲ್ಲ.”

“ಅದೂ ಹೌದು.”

“ಈಗ ಕೇಳಿ.”

“ಏನನ್ನೇ?”

“ಅವತ್ತು ಕೇಳಬೇಕಾಗಿದ್ದನ್ನ.”

ಅತ್ತೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಹೆಡ್‌ಮಿಸ್ಟ್ರೆಸ್ ಮುಂದೆ ರಜೆ ಕೇಳುವವರಂತೆ ನೆಟ್ಟಗೆ ಕೂತರು. “ಒಂದೇ ಒಂದು ಸಲ, ನಿನ್ನೆದುರಿಗೇ, ಪಾಪುಗೆ ಒಳಲೇಲಿ ಹಾಲು ಕುಡಿಸಿ ನೋಡ್ಲಾ?”

“ಆ ಮಣ್ಣಿಂದರಲ್ಲಿ ಬೇಡ. ನಮ್ಮ ಲ್ಯಾಬಲ್ಲಿ ಹಲ್ಲು ಮಾಡೋ ಪಿಂಗಾಣಿ ಇದೆ, ಜನ ವರ್ಷಗಟ್ಟಲೆ ಬಾಯಲ್ಲಿ ಇಟ್ಕೊಳ್ಳೋದು. ಅದರಲ್ಲಿ ಒಳಲೆ ಮಾಡ್ತೀನಿ, ಅದೇ ಅಳತೆಗೆ. ಕುಡಿಸೋದು ನಾನು. ನೀವು ದೂರ ಕೂತ್ಕೊಂಡು ಬರ್ಕೊಳ್ಳಿ.”

“ಆಯ್ತಮ್ಮ,” ಎಂದರು ಅತ್ತೆ. ಕಸದಿಂದ ಬಟಾಣಿ ಹೆಕ್ಕಿ ತೊಳೆದು ಬಟ್ಟಲಿಗೆ ಹಾಕಿದರು.

ಶನಿವಾರ ಬೆಳಿಗ್ಗೆ ಗಡ್ಡದ ಗೈಡು ಬಂದು ಸೋಫಾದ ತುದಿಯಲ್ಲಿ, ಹೆಣ್ಣು ನೋಡಲು ಬಂದವನಂತೆ ಕೂತ. ಗಂಡ ಮೊಬೈಲು ಹಿಡಿದು ನಿಂತ. ಹೊಸ ಒಳಲೆ ಹಾಲಿಗಿಂತ ಬೆಳ್ಳಗಿತ್ತು. ಸೊಸೆ ಪಾಪುವನ್ನು ತೊಡೆಯ ಮೇಲೆ ಒರಗಿಸಿ ಮೂತಿಯನ್ನು ತುಟಿಗೆ ಮುಟ್ಟಿಸಿದಳು.

ಪಾಪು ಮುಖ ತಿರುಗಿಸಿತು. ಎರಡನೇ ಸಲ ಕೈಯಿಂದ ತಳ್ಳಿತು. ಮೂರನೇ ಸಲ ಅಮ್ಮನ ರವಿಕೆ ಹಿಡಿದು ಜಗ್ಗಿ, ಇಷ್ಟು ಹತ್ತಿರ ಇಟ್ಟುಕೊಂಡು ಇದೇನು ಮೋಸ ಎಂಬಂತೆ ಕಿರುಚಿತು. ಗೈಡು ನಾಚಿಕೊಂಡು ಸೂರು ನೋಡಿದ. ಗಂಡ, “ಸ್ವಲ್ಪ ಆಟ ಆಡಿಸಿ ನೋಡು,” ಎಂದ. ಆಡಿಸಿದ್ದಾಯಿತು, ಅಳು ಹೆಚ್ಚಾಯಿತು. ಮೂತಿಯಿಂದ ಚೆಲ್ಲಿದ ಹಾಲು ಸೊಸೆಯ ಮೊಣಕೈವರೆಗೆ ಇಳಿಯಿತು.

“ಬಿಡು ತಾಯಿ,” ಎಂದರು ಅತ್ತೆ. ಅವರು ಆಗಲೇ ಪೆನ್ನಿನ ಮುಚ್ಚಳ ಹಾಕಿದ್ದರು. “ಮಗುನ ಅಳಿಸಿ ಏನೂ ಆಗಬೇಕಾಗಿಲ್ಲ. ಕುಡೀಲಿಲ್ಲ ಅಂತಲೇ ಹೇಳ್ತೀನಿ.”

ಮಾವ ಕೆಮ್ಮಿದರು. “ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಮಗಳೇ. ನೀನು ಕೂತಿರೋವಾಗ ಅದು ಯಾಕೆ ಇದನ್ನ ಕುಡೀತದೆ? ಬೀದೀಲಿ ದೊಡ್ಡ ಅಂಗಡಿ ಬಾಗಿಲು ತೆರೆದಿರೋವಾಗ ತಳ್ಳುಗಾಡಿ ಹತ್ರ ಯಾರು ಹೋಗ್ತಾರೆ?”

ಗಂಡನಿಗೆ ನಗು ತಡೆಯಲಾಗಲಿಲ್ಲ. ಸೊಸೆ ನಗಲಿಲ್ಲ. ಅವಳು ಅಳುವ ಮಗುವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಕುಡಿಸುವುದು ನಾನೇ ಎಂದು ಷರತ್ತು ಹಾಕಿದವಳು ಅವಳೇ. ಅದನ್ನು ಮುರಿ ಎಂದು ಆ ಕೋಣೆಯಲ್ಲಿ ಯಾರೂ ಹೇಳುವಂತಿರಲಿಲ್ಲ.

ಎದ್ದು ಪಾಪುವನ್ನು ಮಾವನ ತೊಡೆಗೆ ಕೊಟ್ಟಳು. ಒಳಲೆಯನ್ನು ಅತ್ತೆಯ ಕೈಗಿತ್ತಳು. “ತಲೆ ಜಾಸ್ತಿ ಹಿಂದಕ್ಕೆ ಬಗ್ಗಿಸಬೇಡಿ,” ಎಂದು ಹೊರಗೆ ನಡೆದು ಬಾಗಿಲು ಎಳೆದುಕೊಂಡಳು.

ಮೆಟ್ಟಿಲ ಮೇಲೆ ನಿಂತರೆ ಅಳು ಮರದ ಬಾಗಿಲು ದಾಟಿ ಬರುತ್ತಿತ್ತು. ಅದನ್ನು ಕೇಳಿ ಎದೆಯಲ್ಲಿ ಹಾಲು ತಾನಾಗಿ ಇಳಿದು ರವಿಕೆ ಒದ್ದೆಯಾಯಿತು. ಸೆರಗು ಹೊದ್ದುಕೊಂಡಳು. ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು, ತೆಗೆದಳು. ಪಕ್ಕದ ಮನೆಯ ಹೆಂಗಸು ತರಕಾರಿ ಚೀಲ ಹೊತ್ತು ಏದುತ್ತ ಬಂದಳು.

“ಯಾಕ್ರೀ, ಹೊರಗೆ ನಿಂತಿದ್ದೀರಿ?”

“ಒಳಗೆ ಪಾಪುಗೆ ಹಾಲು ಕುಡಿಸ್ತಿದ್ದಾರೆ.”

“ಮತ್ತೆ ನೀವಿಲ್ಲಿ?”

“ಅದಕ್ಕೇ.”

ಹೆಂಗಸು ಅರ್ಥವಾಗದೆ ತಲೆಯಾಡಿಸಿ ಬೀಗ ತೆಗೆದು ಒಳಗೆ ಹೋದಳು. ಆಗಲೇ ಸೊಸೆಗೆ ಅರಿವಾದದ್ದು, ಅಳು ನಿಂತು ಎಷ್ಟೋ ಹೊತ್ತಾಗಿದೆ ಎಂದು. ಬಾಗಿಲಿಗೆ ಕಿವಿಯಿಟ್ಟಳು. ಯಾರೂ ಮಾತಾಡುತ್ತಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚೂ ಆಯಿತು, ಹಗುರವೂ ಆಯಿತು. ಯಾವುದು ಮೊದಲು ಎಂದು ಹೇಳಲಾಗುತ್ತಿರಲಿಲ್ಲ. ಬಾಗಿಲು ತೆರೆದಾಗ ಗಂಡ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದ. ಒಳಲೆ ಖಾಲಿಯಾಗಿತ್ತು. ಪಾಪು ತಾತನ ತೋಳಿನ ಮೇಲೆ ಬಾಯಿ ತೆರೆದು ನಿದ್ದೆ ಹೋಗಿತ್ತು. ಗೈಡು ತನ್ನ ಗಡ್ಡಕ್ಕೆ ಸಿಡಿದ ಹಾಲನ್ನು ಒರೆಸಿಕೊಳ್ಳುವುದನ್ನೂ ಮರೆತು ಬರೆಯುತ್ತಿದ್ದ.

ಸಮಿತಿಯ ಹಿಂದಿನ ದಿನ ಅತ್ತೆ ಕನ್ನಡಕ ಹಾಕಿಕೊಂಡು ಊಟದ ಮೇಜಿನ ಬಳಿ ಅವಳನ್ನು ಕೂರಿಸಿಕೊಂಡರು. “ಇದನ್ನ ಹೀಗೆ ಬರೀಬಹುದಾ, ಕೇಳು,” ಎಂದು ಓದಿದರು: “ತಾಯಿ ಕೋಣೆಯಲ್ಲಿ ಇರುವವರೆಗೆ ಮಗು ಕುಡಿಯಲಿಲ್ಲ. ತಾಯಿಯನ್ನು ಹೊರಗೆ ಕಳಿಸಿದ ಮೇಲೆ ಕುಡಿಯಿತು.”

“ಕಳಿಸಿದ ಮೇಲೆ ಅಲ್ಲ,” ಎಂದಳು ಸೊಸೆ. “ತಾಯಿ ತಾನಾಗಿ ಹೊರಗೆ ಹೋದಳು ಅಂತ ಬರೀರಿ.”

ಅತ್ತೆ ಒಂದು ಕ್ಷಣ ಅವಳನ್ನು ನೋಡಿ, ಆ ಸಾಲನ್ನು ಹೊಡೆದುಹಾಕಿ, ಅವಳೆಂದಂತೆಯೇ ಬರೆದರು.

ಸಮಿತಿಯವರು ವಿಷಯ ಬದಲಾಯಿಸಿ ಎನ್ನಲಿಲ್ಲ. ಅದು ದೀಪದ ಎಣ್ಣೆಯ ಪಾತ್ರೆಯೇ ಎನ್ನುವ ಪಕ್ಷದ ಹಿರಿಯರೊಬ್ಬರು, ಒಂದು ಮಗುವಿನಿಂದ ಏನನ್ನೂ ಹೇಳಲಾಗದು, ಇನ್ನಷ್ಟು ಮಕ್ಕಳು ಬೇಕು ಎಂದರಂತೆ. ಅತ್ತೆ ಅದನ್ನೇ ದೊಡ್ಡ ಬಹುಮಾನದಂತೆ ಮನೆಗೆ ಹೊತ್ತು ತಂದರು. ಬೇರೆ ತಾಯಂದಿರ ಹತ್ತಿರ ತಾವೊಬ್ಬರೇ ಹೋಗಿ ಅವರ ಮಕ್ಕಳನ್ನು ಕೇಳಲು ಹಿಂಜರಿಕೆ ಎಂದಾಗ ಸೊಸೆ, “ನಾನೂ ಬರ್ತೀನಿ ನಡೀರಿ,” ಎಂದಳು.

ಆಯಾಳಿಗೆ ಮೊದಲೇ ಹೇಳಿ, ಸೋಮವಾರ ಸಂಜೆ ಇಬ್ಬರೂ ಶಿಶುವಿಹಾರದ ಹೊಸ್ತಿಲಲ್ಲಿ ನಿಂತರು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆ ಅತ್ತೆ ಪಾಠ ಹೇಳುವಂತೆ ಎಲ್ಲವನ್ನೂ ವಿವರಿಸಿದರು; ಸೊಸೆ ಪಿಂಗಾಣಿಯ ಒಳಲೆಯನ್ನು ಕೈಗೆ ಕೊಟ್ಟು, ಮೂಸಿ, ಮುಟ್ಟಿ ನೋಡಿ ಎಂದಳು. ಮೊದಲನೆಯವಳು ಬೇಡ ಎಂದು ಮಗುವನ್ನು ಎತ್ತಿಕೊಂಡು ನಡೆದೇಬಿಟ್ಟಳು. ಅತ್ತೆ ಒಂದು ಮಾತೂ ಒತ್ತಾಯಿಸಲಿಲ್ಲ. ಎರಡನೆಯವಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದ ಚಿಕ್ಕ ಪ್ರಾಯದ ಹುಡುಗಿ. ಒಳಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲ ಕೇಳಿಸಿಕೊಂಡಳು. ತನ್ನ ಮಗುವಿನ ಕೆನ್ನೆ ಒಮ್ಮೆ ಸವರಿದಳು.

“ಹಾಗಾದ್ರೆ ನಾನು ಎಲ್ಲಿ ನಿಂತ್ಕೊಳ್ಲಿ?” ಎಂದು ಕೇಳಿದಳು.

ಸೊಸೆ ಒಳಗೆ ಹೋಗಿ ಅವಳಿಗೊಂದು ಕುರ್ಚಿ ತಂದು ಹೊರಗೆ ಹಾಕಿದಳು.